ಬಾನೆಟ್ ಎತ್ತಿದರೂ ಸಿಗದ ಸದ್ದು

ನಮ್ಮ ಗ್ಯಾರೇಜಿಗೆ ಒಂದು ಬೋರ್ಡ್ ಇದೆ, ಆದರೆ ಅದರ ಮೇಲೆ ಏನು ಬರೆದಿದೆ ಅಂತ ಚನ್ನರಾಯಪಟ್ಟಣದಲ್ಲಿ ಒಬ್ಬರಿಗೂ ಗೊತ್ತಿಲ್ಲ. ಬೆಳಗೊಳದ ರಸ್ತೆಯಲ್ಲಿ ಬಾಯಿ ಗ್ಯಾರೇಜ್ ಎಲ್ಲಿ ಅಂತ ಕೇಳಿ ನೋಡಿ, ಆಟೋದವರು ನೇರವಾಗಿ ತಂದು ನಮ್ಮ ಬಾಗಿಲಿಗೇ ಬಿಡುತ್ತಾರೆ. ಆ ಹೆಸರು ಬರುವುದಕ್ಕೆ ನಮ್ಮನೆಯವರೇ ಕಾರಣ. ಕಾರು ಸ್ಟಾರ್ಟ್ ಮಾಡುವಾಗ ಏನೋ ಸದ್ದು ಬರುತ್ತದೆ ಅಂತ ಯಾರೇ ಬರಲಿ, ಅವರು ಮೊದಲು ಬಾನೆಟ್ ಮುಟ್ಟುವುದಿಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತುಕೊಂಡು, "ಎಂಗೆ ಬತ್ತದೆ ಸಾ? ಒಸಿ ಬಾಯಲ್ಲಿ ಮಾಡಿ ತೋರ್ಸಿ" ಅನ್ನುತ್ತಾರೆ.

ಕಾರಣವಿಲ್ಲದೆ ಅನ್ನುವುದಿಲ್ಲ ಬಿಡಿ. ಡಾಕ್ಟರ ಮುಂದೆ ಕೂತ ತಕ್ಷಣ ಕೆಮ್ಮು ನಿಂತುಹೋಗುತ್ತದಲ್ಲ, ಕಾರೂ ಹಾಗೆಯೇ. ಮನೆಯ ಮುಂದೆ ಬೆಳಿಗ್ಗೆ ಬೆಳಿಗ್ಗೆ ಅರಚಿಕೊಂಡ ಗಾಡಿ ಗ್ಯಾರೇಜಿಗೆ ಬರುವ ಹೊತ್ತಿಗೆ ಬಿಸಿಯಾಗಿ, ಮದುವೆ ಹೆಣ್ಣಿನ ಹಾಗೆ ತಲೆ ತಗ್ಗಿಸಿ ಮೌನವಾಗಿರುತ್ತದೆ. ಹಾಗಾಗಿ ಕಾಲೇಜಿನ ಮೇಷ್ಟ್ರು, ಪೊಲೀಸಿನವರು, ಕೊಬ್ಬರಿ ಮಂಡಿಯ ಸಾಹುಕಾರರು ಎಲ್ಲರೂ ನಮ್ಮ ಗ್ಯಾರೇಜಿನಲ್ಲಿ ನಿಂತು ಬಾಯಿ ಬಿಟ್ಟು ಕೀಂಯ್ ಅಂದಿದ್ದಾರೆ, ಗರ್ರ್ ಅಂದಿದ್ದಾರೆ. ಕೀಂಯ್ ಅಂದರೆ ಫ್ಯಾನ್ ಬೆಲ್ಟ್ ಸಡಿಲ. ಬರೀ ಟಕ್ ಟಕ್ ಅಂದರೆ ಬ್ಯಾಟರಿ ಇಳಿದಿದೆ ಇಲ್ಲವೇ ವೈರು ಕಚ್ಚಿಲ್ಲ. ಗರ್ರ್ ಅಂತ ಹಲ್ಲು ಕಡಿದರೆ ಸ್ಟಾರ್ಟರ್ ಕೆಲಸ. ಇಷ್ಟು ನನಗೂ ಗೊತ್ತು. ಪಕ್ಕದಲ್ಲೇ ನನ್ನ ಟೀ ಅಂಗಡಿ, ಈ ಸಂಗೀತ ಕೇಳುತ್ತಲೇ ನನ್ನ ಅರ್ಧ ಆಯಸ್ಸು ಕಳೆದಿದೆ.

ನಾನು ನಾಗಲಕ್ಷ್ಮಿ. ದೊಡ್ಡಗದ್ದವಳ್ಳಿಯಿಂದ ಈ ಊರಿಗೆ ಮದುವೆಯಾಗಿ ಬಂದವಳು. ನಮ್ಮನೆಯವರ ಹೆಸರು ನಾನು ಹೇಳುವುದಿಲ್ಲ. ಮುಂದೆ ಬೇರೆಯವರು ಯಾರಾದರೂ ಹೇಳುತ್ತಾರೆ, ಆಗ ತಿಳಿದುಕೊಳ್ಳಿ. ನಮ್ಮಮ್ಮ ಹೇಳಲಿಲ್ಲ, ನಮ್ಮತ್ತೆ ಹೇಳಲಿಲ್ಲ, ನನ್ನ ನಾಲಿಗೆಗೂ ಅದು ಬರುವುದಿಲ್ಲ. ರೇಷನ್ ಕಾರ್ಡ್ ಮಾಡಿಸುವಾಗ ತಾಲ್ಲೂಕು ಕಚೇರಿಯ ಹುಡುಗಿ ಗಂಡನ ಹೆಸರು ಕೇಳಿದರೆ, ಹಿಂದೆ ನಿಂತಿದ್ದ ಅವರಿಗೇ "ಯೋಳಿ, ನಿಮ್ಮೆಸ್ರು ಕೇಳ್ತಾವ್ರೆ" ಅಂದವಳು ನಾನು. ಅವರನ್ನು ಕರೆಯಬೇಕಾದರೆ ಟೀ ಪಾತ್ರೆಯ ಅಂಚಿಗೆ ಸೌಟಿನಿಂದ ಎರಡು ಸಲ ಕುಟ್ಟುತ್ತೇನೆ. ಕಾರಿನ ಕೆಳಗೆ ಮಲಗಿದ್ದರೂ ಎದ್ದು ಬರುತ್ತಾರೆ.

ಗ್ಯಾರೇಜಿಗೆ ಬರುವವರಲ್ಲಿ ಸದ್ದು ಮಾಡುವುದರಲ್ಲಿ ಒಬ್ಬರನ್ನು ಮೀರಿಸಿದವರಿಲ್ಲ. ಅವರು ಮರುದೇವಮ್ಮ. ಅವರ ಯಜಮಾನರು ಆದಿರಾಜಯ್ಯ, ಬೆಳಗೊಳದ ಕಡೆಯ ಜೈನರು, ಇಲ್ಲೇ ಪೇಟೆ ಬೀದಿಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದವರು. ಈಗ ಅಂಗಡಿ ಮಗನದು. ಗಂಡ ಹೆಂಡತಿ ಹಳೆಯದೊಂದು ಬಿಳಿ ಕಾರಿನಲ್ಲಿ ವಾರಕ್ಕೊಮ್ಮೆ ಬೆಳಗೊಳದ ಬಸದಿಗೆ ಹೋಗಿ, ಹೊತ್ತು ಮುಳುಗುವುದರೊಳಗೆ ಊಟಕ್ಕೆ ಮನೆ ಸೇರುತ್ತಿದ್ದರು. ಅಯ್ಯಾವ್ರಿಗೆ ಕಿವಿ ಮಂದ. ಕಾರು ಓಡಿಸುವುದು ಅವರು, ಕಾರಿನ ಕಷ್ಟಸುಖ ಕೇಳಿಸಿಕೊಳ್ಳುವುದು ಅಮ್ಮಾವ್ರು.

"ನನಗೇನೂ ಕೇಳಲ್ಲ ಕಣಪ್ಪ ನಟರಾಜು. ಇವಳು ಏನೋ ಸದ್ದು ಅಂತಾಳೆ" ಅಂತ ಅಯ್ಯಾವ್ರು ಕೀಲಿಕೈ ಕೊಟ್ಟು ಪಕ್ಕಕ್ಕೆ ನಿಲ್ಲುತ್ತಿದ್ದರು. ನೋಡಿದಿರಾ, ಹೆಸರು ಅವರೇ ಹೇಳಿಬಿಟ್ಟರು.

ಆಗ ಮರುದೇವಮ್ಮ ಸೆರಗು ಸರಿಮಾಡಿಕೊಂಡು, ಒಂದು ಸಲ ಗಂಟಲು ಸರಿಮಾಡಿಕೊಂಡು ಶುರುಮಾಡುತ್ತಿದ್ದರು. ಕೀಲಿ ತಿರುಗಿಸಿದ್ದು, ಎಂಜಿನ್ ಕೊಸರಾಡಿದ್ದು, ನಡುವೆ ಬೆಲ್ಟ್ ಕಿರುಚಿದ್ದು, ಕೊನೆಗೆ ಸಮಾಧಾನವಾಗಿ ಗುರುಗುಟ್ಟಿದ್ದು, ಎಲ್ಲವೂ ಒಂದಾದ ಮೇಲೊಂದು ಅದೇ ತಾಳದಲ್ಲಿ ಬರುತ್ತಿದ್ದವು. ಕಣ್ಣು ಮುಚ್ಚಿಕೊಂಡರೆ ಕಾರೇ ನಿಂತಿದೆ ಅನ್ನಬೇಕು. ನಮ್ಮನೆಯವರು ಕೈಮುಗಿದು, "ಅಮ್ಮಾವ್ರೆ, ನೀವು ಗಾಡಿ ತರಲೇಬ್ಯಾಡಿ, ಫೋನ್ ಮಾಡಿ ಸದ್ದು ಮಾಡಿದ್ರೆ ಸಾಕು, ಸಾಮಾನು ತಕ್ಕೊಂಡು ನಾನೇ ಬತ್ತೀನಿ" ಅನ್ನುತ್ತಿದ್ದರು. ಅಯ್ಯಾವ್ರಿಗೆ ಅದು ಪೂರ್ತಿ ಕೇಳಿಸದಿದ್ದರೂ ಹೆಂಡತಿಯ ಮುಖ ನೋಡಿಯೇ ಹಿಗ್ಗುತ್ತಿದ್ದರು.

ನನ್ನ ಅಂಗಡಿಯಲ್ಲಿ ಅಮ್ಮಾವ್ರು ಟೀ ಕುಡಿದವರಲ್ಲ, ಬಿಸಿ ಹಾಲು ಮಾತ್ರ. ಒಮ್ಮೆ ನಾನು ಸೌಟು ಕುಟ್ಟಿದ್ದು, ನಮ್ಮನೆಯವರು ಕೈ ಒರೆಸಿಕೊಂಡು ಓಡಿಬಂದದ್ದು ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ.

"ಹೀಗೋ ನೀನು ಕರೆಯೋದು?"

"ಇನ್ನೆಂಗೆ ಅಮ್ಮಾವ್ರೆ? ಎಸ್ರು ಹಿಡಿದು ಕೂಗಕ್ಕಾಯ್ತದಾ?"

"ನನಗೂ ಒಂದಿತ್ತು ಕಣೇ. ಹೊಸದಾಗಿ ಬಂದಾಗ. ಮನೆ ತುಂಬ ಜನ, ಅತ್ತೆ, ಮಾವ, ಮೈದುನಂದಿರು..." ಅಂದವರು, ಅಯ್ಯಾವ್ರ ಕಡೆ ಒಂದು ಸಲ ನೋಡಿ ನಾಚಿಕೊಂಡು, "ಅದೆಲ್ಲ ಹಳೇ ಕತೆ ಬಿಡು" ಅಂತ ಹಾಲಿನ ಲೋಟ ಎತ್ತಿಕೊಂಡರು. ನಾನೂ ಬಿಡದೆ ಕೇಳಬೇಕಿತ್ತು. ಅಷ್ಟರಲ್ಲಿ ಯಾರೋ ಬಂದು ನಾಲ್ಕು ಟೀ ಅಂದರು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಮರುದೇವಮ್ಮನಿಗೆ ಲಕ್ವ ಹೊಡೆಯಿತು. ಬೆಳಿಗ್ಗೆ ದೇವರ ಪಾತ್ರೆ ತೊಳೆಯುತ್ತಿದ್ದವರು ಅಲ್ಲೇ ಕುಸಿದರಂತೆ. ಹಾಸನದ ಆಸ್ಪತ್ರೆಯಲ್ಲಿ ಬಹಳ ದಿನ ಇದ್ದು, ಜೀವ ಉಳಿಸಿಕೊಂಡು ಬಂದರು. ಆದರೆ ಬಲಗೈ ಬಲಗಾಲು ಬಿದ್ದುಹೋಗಿತ್ತು, ಮಾತು ಪೂರ್ತಿ ನಿಂತುಹೋಗಿತ್ತು. ಹೇಳಿದ್ದು ತಿಳಿಯುತ್ತದೆ, ಕಣ್ಣು ಚುರುಕಾಗಿದೆ, ಬಾಯಿಗೆ ಮಾತ್ರ ಒಂದಕ್ಷರ ಬರುವುದಿಲ್ಲ. ಮಾತು ಬಂದರೂ ಬರಬಹುದು, ಬರದೆಯೂ ಇರಬಹುದು ಅಂತ ಡಾಕ್ಟರು ಅಂದರಂತೆ. ಅದನ್ನು ಹೇಳುವುದಕ್ಕೆ ಅಷ್ಟು ಓದಬೇಕಿತ್ತೇ ಅಂತ ನನಗೆ ಸಿಟ್ಟು ಬಂತು.

ನಾನು ನೋಡಲು ಹೋದಾಗ ಅವರ ಸೊಸೆ ಸಮತಾ ಬಾಗಿಲಲ್ಲೇ ಎಲ್ಲ ಹೇಳಿದಳು. ಒಳ್ಳೆಯ ಹುಡುಗಿ, ಸ್ಕೂಲಿನಲ್ಲಿ ಮೇಡಂ. ಹಾಸನದಿಂದ ಮಾತು ಕಲಿಸುವವರು ಬಂದು ಹಸುವಿನ ಚಿತ್ರ, ಕೊಡೆಯ ಚಿತ್ರ ಹಿಡಿದು ಹೇಳಿ ಹೇಳಿ ಅನ್ನುತ್ತಾರಂತೆ. ಅತ್ತೆ ಗೋಡೆ ಕಡೆ ಮುಖ ತಿರುಗಿಸಿಕೊಳ್ಳುತ್ತಾರಂತೆ. ಊರಿಗೆಲ್ಲ ಬುದ್ಧಿ ಹೇಳಿದ ಹೆಂಗಸಿಗೆ ಕೊಡೆ ತೋರಿಸಿದರೆ ಇನ್ನೇನು ಮಾಡುತ್ತಾರೆ?

ಅಯ್ಯಾವ್ರು ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಹೆಂಡತಿಯ ತುಟಿಯನ್ನೇ ನೋಡುತ್ತಿದ್ದರು. ಕಿವಿ ಮಂದವಾದವರಿಗೆ ಅದು ಅಭ್ಯಾಸ.

"ನಾಗಲಕ್ಷ್ಮಮ್ಮ, ಅವಳು ಮಾತೇ ಆಡಬೇಕು ಅಂತ ನನಗಿಲ್ಲ. ಒಂದೇ ಒಂದು ಸಲ ನನ್ನ ಕರೆದರೆ ಸಾಕು" ಅಂದರು. "ಏನೂಂದ್ರೆ ಅಂತ ದಿನಕ್ಕೆ ನೂರು ಸಲ ಕರೀತಿದ್ದಳು. ಅರ್ಧ ನನಗೆ ಕೇಳಿಸ್ತಾನೇ ಇರಲಿಲ್ಲ. ಈಗ ಒಂದು ಸಲ ಕರೆದರೆ ಸಾಕು."

ತಂದಿದ್ದ ಬಾಳೆಹಣ್ಣು ಅಲ್ಲಿಟ್ಟು ಬಂದೆ.

ಸಂಕ್ರಾಂತಿ ಆದ ಮೇಲೆ ಒಂದು ದಿನ ಬಿಳಿ ಕಾರು ಗ್ಯಾರೇಜಿಗೆ ಬಂತು. ಹಾಸನಕ್ಕೆ ತೋರಿಸಿಕೊಂಡು ಬರಲು ಹೊರಟವರು, ಕಾರು ಸ್ಟಾರ್ಟ್ ಮಾಡುವಾಗ ರಸ್ತೆಯವರೆಲ್ಲ ತಿರುಗಿ ನೋಡುತ್ತಾರೆ ಅಂತ ಇಲ್ಲಿಗೆ ತಂದಿದ್ದರು. ಮುಂದಿನ ಸೀಟಿನಲ್ಲಿ ಮರುದೇವಮ್ಮನನ್ನು ದಿಂಬು ಕೊಟ್ಟು ಕೂರಿಸಿದ್ದರು, ಹಿಂದೆ ಸಮತಾ. ನಮ್ಮನೆಯವರಿಗೆ ಕೈಯಲ್ಲಿದ್ದ ಕೆಲಸದ ಮೇಲೆ ಗಮನ. ಹಳೆಯ ಅಭ್ಯಾಸದಂತೆ ಕಿಟಕಿಗೆ ಬಗ್ಗಿ, "ಎಂಗೆ ಬತ್ತದೆ ಅಮ್ಮಾವ್ರೆ?" ಅಂದುಬಿಟ್ಟರು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡರು. ನಾನು ಅಂಗಡಿಯಿಂದಲೇ ಅವರನ್ನು ಸುಡುವ ಹಾಗೆ ನೋಡಿದೆ.

ಮರುದೇವಮ್ಮ ನಮ್ಮನೆಯವರ ಮುಖ ನೋಡಿದರು. ಗಂಟಲು ಸರಿಮಾಡಿಕೊಂಡರು. ಸೊಟ್ಟಗಾಗಿದ್ದ ಬಾಯಿಯ ಒಂದು ತುದಿಯಿಂದ, "ಕೀಂಯ್ಯ್ಯ್" ಅಂದರು.

ಸಮತಾ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ಅಯ್ಯಾವ್ರಿಗೂ ಅದು ಕೇಳಿಸಿತ್ತು. ಅವರು ಸ್ಟಿಯರಿಂಗ್ ಹಿಡಿದುಕೊಂಡೇ ಹೆಂಡತಿಯ ಕಡೆ ತಿರುಗಿ, "ಇನ್ನೊಂದು ಸಲ, ಇನ್ನೊಂದು ಸಲ ಮಾಡು" ಅಂತ ಮಗುವಿನ ಹಾಗೆ ಗೋಗರೆದರು. ಅಮ್ಮಾವ್ರು ಇನ್ನೊಂದು ಸಲ ಮಾಡಿದರು. ಈ ಸಲ ಕೊನೆಯಲ್ಲಿ ಎಂಜಿನ್ ಗುರುಗುಟ್ಟಿದ್ದೂ ಬಂತು. ನಮ್ಮನೆಯವರು ಕಣ್ಣೊರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಗ್ರೀಸ್ ಮಾಡಿಕೊಂಡರು. ಬೆಲ್ಟ್ ಬಿಗಿ ಮಾಡುವುದು ಚಿಟಿಕೆ ಹೊಡೆಯುವಷ್ಟರ ಕೆಲಸ. ಅದನ್ನು ಅವರು ಮಧ್ಯಾಹ್ನದವರೆಗೆ ಮಾಡಿದರು.

ಆ ವಾರವೇ ಕಾರು ಮತ್ತೆ ಬಂತು. ಅದೇ ಬೆಲ್ಟ್, ಮತ್ತೆ ಸಡಿಲ. ಅದರ ಮುಂದಿನ ವಾರ ಬ್ಯಾಟರಿಯ ವೈರು ಸಡಿಲ, ಅಮ್ಮಾವ್ರು ಟಕ್ ಟಕ್ ಟಕ್ ಅಂದರು. ನಮ್ಮನೆಯವರ ಮೂಗಿನ ತುದಿಯಲ್ಲೇ ಸಿಟ್ಟು. ಬಿಗಿ ಮಾಡಿ ಕಳಿಸಿದ್ದು ಸಡಿಲವಾಗಿ ಬಂದರೆ ಅವರ ಕಸುಬಿಗೇ ಅವಮಾನ.

"ಯಾವನೋ ಬೇಕೂಂತ ಸಡ್ಲ ಮಾಡವ್ನೆ ಕಣಮ್ಮಿ. ನಟ್ಟಿನ ಮ್ಯಾಲೆ ಸ್ಪ್ಯಾನರ್ ಜಾರಿರೋ ಗುರ್ತು ನೋಡು. ಕೆಲ್ಸ ಬರ್ದೇ ಇರೋ ನನ್ಮಗ ಯಾವನೋ ಕೈ ಆಕವ್ನೆ" ಅಂತ ಗ್ಯಾರೇಜಿನ ತುಂಬ ಕೂಗಾಡಿದರು.

ಅಯ್ಯಾವ್ರು ನನ್ನ ಅಂಗಡಿಯ ಬೆಂಚಿನ ಮೇಲೆ ಕೂತಿದ್ದರು. ಆ ಕೂಗು ಅವರಿಗೂ ಕೇಳಿಸಿತು. ತಲೆ ತಗ್ಗಿಸಿಕೊಂಡು, "ನಾನೇ ಕಣಮ್ಮ" ಅಂದರು. ಬೆರಳಿನ ಗೆಣ್ಣು ತರಚಿಹೋಗಿತ್ತು. ಜೀವಮಾನವಿಡೀ ಪಾತ್ರೆ ತೂಗಿದ ಕೈ, ಸ್ಪ್ಯಾನರ್ ಹಿಡಿದು ಗೊತ್ತಿಲ್ಲ. "ಮನೆಯಲ್ಲಿ ಎಷ್ಟು ಕೇಳಿದರೂ ಮಾಡಲ್ಲ ಅವಳು. ಇಲ್ಲಿಗೆ ಬಂದು, ನಟರಾಜು ಕೇಳಿದರೇನೇ ಮಾಡೋದು. ಸದ್ದು ಬಂದಿದೆ, ಹಾಗೇ ಮಾಡ್ತಾ ಮಾಡ್ತಾ ಮಾತೂ ಬರಬಹುದಲ್ಲ? ಕರೀಬಹುದಲ್ಲ?"

ನಾನು ಸೌಟು ತೆಗೆದು ಪಾತ್ರೆಗೆ ಎರಡು ಸಲ ಕುಟ್ಟಿದೆ. ನಮ್ಮನೆಯವರು ಉರಿಯುತ್ತಲೇ ಬಂದರು. ವಿಷಯ ಹೇಳಿದೆ. ಅವರ ಸಿಟ್ಟು ಹಾಲು ಉಕ್ಕಿದಾಗ ನೀರು ಚಿಮುಕಿಸಿದ ಹಾಗೆ ಇಳಿದುಹೋಯಿತು. ಕಾರಿನ ಕಡೆ ನೋಡಿ, "ಸಾ, ನೀವು ಇನ್ಮೇಲೆ ಅದ್ಕೆ ಕೈ ಆಕ್ಬ್ಯಾಡಿ. ಬ್ಯಾಟ್ರಿ ತಾವ ಕಿಡಿ ಆರಿ ಏನಾರ ಆದೀತು. ವಾರಕ್ಕೊಂದಪ ಗಾಡಿ ಬುಟ್ಟೋಗಿ. ಏನ್ ಸದ್ದು ಬೇಕೋ ನಾನೇ ಆಕ್ಕೊಡ್ತೀನಿ" ಅಂದರು.

ಅವತ್ತಿನಿಂದ ಸದ್ದು ತೆಗೆಯುವುದರಲ್ಲೇ ತಲೆ ನರೆಸಿಕೊಂಡಿದ್ದ ನನ್ನ ಗಂಡ ಸದ್ದು ಹಾಕುವುದಕ್ಕೆ ನಿಂತರು. ಒಂದು ವಾರ ಬೆಲ್ಟ್ ಸಡಿಲಿಸುತ್ತಿದ್ದರು, ಇನ್ನೊಂದು ವಾರ ಎಂಜಿನ್ ಮೇಲಿನ ತಗಡಿನ ಬೋಲ್ಟ್ ಬಿಚ್ಚಿ ಗಡಗಡ ಅನ್ನಿಸುತ್ತಿದ್ದರು. ಒಂದು ಸಲ ಸೈಲೆನ್ಸರಿನ ಕ್ಲಾಂಪ್ ತೆಗೆದು ಅದನ್ನು ಹೋರಿಯ ಹಾಗೆ ಗುಟುರು ಹಾಕಿಸಿದರು. ಅದನ್ನು ಅಮ್ಮಾವ್ರು ಮಾಡಿ ತೋರಿಸಿದಾಗ ಅವರಿಗೇ ನಗು ಬಂತು. ಮುಖದ ಅರ್ಧವೇ ನಕ್ಕರೂ ಆ ನಗು ಪೂರ್ತಿಯಾಗಿತ್ತು. ಅಯ್ಯಾವ್ರು ಹೆಂಡತಿಯ ತುಟಿ ಬಿಟ್ಟು ಬೇರೆ ಕಡೆ ನೋಡುತ್ತಿರಲಿಲ್ಲ. ಪ್ರತಿ ಸದ್ದಿನ ಕೊನೆಗೂ ಇನ್ನೇನು ತಮ್ಮನ್ನು ಕರೆದಾರು ಅಂತ ಕಾಯುತ್ತಿದ್ದರು. ಗ್ಯಾರೇಜಿನ ಬೇರೆ ಗಿರಾಕಿಗಳೂ ಸುಮ್ಮನೆ ನಿಂತು ಕಾಯುತ್ತಿದ್ದರು, ಯಾರೂ ಅವಸರ ಮಾಡುತ್ತಿರಲಿಲ್ಲ. ನಮ್ಮ ಪಟ್ಣದ ಜನ ಬಾಯಿ ಜೋರು, ಆದರೆ ಕೆಟ್ಟವರಲ್ಲ.

ಶಿವರಾತ್ರಿ ಹತ್ತಿರ ಬಂದಾಗ ಒಂದು ಹೊಸ ಸದ್ದು ಬಂತು.

ಅವತ್ತು ನಮ್ಮನೆಯವರು ಹಾಕಿದ್ದು ಬೆಲ್ಟಿನ ಸದ್ದು. ಅಮ್ಮಾವ್ರು ಕೀಂಯ್ ಅಂದರು. ಅಂದಾದ ಮೇಲೆ ಸ್ವಲ್ಪ ತಡೆದು, ನಾಲಿಗೆಯನ್ನು ಮೇಲಕ್ಕೆ ಒತ್ತಿ ಸಣ್ಣಗೆ, ಲೊಚ್ ಲೊಚ್ ಲೊಚ್ ಅಂದರು. ನಮ್ಮನೆಯವರು ಹುಬ್ಬು ಗಂಟು ಹಾಕಿದರು. ತಾವು ಹಾಕದ ಸದ್ದು ಕಾರಿನಲ್ಲಿ ಎಲ್ಲಿಂದ ಬಂತು?

"ಇನ್ನೊಂದಪ ಮಾಡಿ ಅಮ್ಮಾವ್ರೆ."

ಲೊಚ್ ಲೊಚ್ ಲೊಚ್. ಹಲ್ಲಿ ನುಡಿದ ಹಾಗಿತ್ತು. ಅಯ್ಯಾವ್ರಿಗೆ ಅಷ್ಟು ಸಣ್ಣ ಸದ್ದು ಕೇಳಿಸಲಿಲ್ಲ. "ಏನಂದಳು? ಏನಂದಳು?" ಅಂತ ನಮ್ಮ ಮುಖ ನೋಡಿದರು.

"ಒಳಗೆ ಏನೋ ಬಡ್ಕೊತಾ ಅದೆ ಸಾ. ಟಕ್ ಟಕ್ ಅಂದಂಗೆ. ಸ್ಟಾರ್ಟರ್ ಸ್ವಿಚ್ ಇರಬೈದು" ಅಂತ ನಮ್ಮನೆಯವರು ಜೋರಾಗಿ ಹೇಳಿದರು. ಗಂಡಸರಿಬ್ಬರೂ ಬಾನೆಟ್ ಎತ್ತಿ ತಲೆ ಒಳಗೆ ಹಾಕಿದರು. ನಿಜವಾದ ಕಾಯಿಲೆ ಸಿಕ್ಕಿತು ಅಂತ ನಮ್ಮನೆಯವರಿಗೆ ಒಳಗೊಳಗೇ ಹುರುಪು. ಸುಳ್ಳು ಸದ್ದು ಹಾಕಿ ಹಾಕಿ ಅವರಿಗೂ ಬೇಸರ ಬಂದಿತ್ತು.

ಆ ಸದ್ದನ್ನು ಅವರು ಹುಡುಕಿದ್ದೇ ಹುಡುಕಿದ್ದು. ಬ್ಯಾಟರಿ ಬದಲಾಯಿತು, ವೈರು ಬದಲಾದವು. ಸ್ಟಾರ್ಟರ್ ಬಿಚ್ಚಿ, ಅದರ ರಿಪೇರಿಯನ್ನೇ ಕಸುಬು ಮಾಡಿಕೊಂಡಿರುವ ಹೊಳೆನರಸೀಪುರದ ತಮ್ಮಯ್ಯನ ಹತ್ತಿರ ಬಸ್ಸಿನಲ್ಲಿ ಹೊತ್ತುಕೊಂಡು ಹೋಗಿ ತೋರಿಸಿದರು. ಏನೂ ಇಲ್ಲ, ಹೊಸದರ ಹಾಗಿದೆ ಅಂತ ಅವನು ವಾಪಸ್ಸು ಕೊಟ್ಟ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ಹಾಗೆ ಒಂದೊಂದಾಗಿ ಎಲ್ಲಕ್ಕೂ ಬರೆ ಬಿತ್ತು. ಪ್ರತಿ ವಾರ ಜೋಡಿಸಿ, ಕಾರು ಸ್ಟಾರ್ಟ್ ಮಾಡಿ, "ಈಗ ಓಯ್ತಾ ಅಮ್ಮಾವ್ರೆ?" ಅಂತ ಕೇಳುವುದು, ಅಮ್ಮಾವ್ರು ಲೊಚ್ ಲೊಚ್ ಲೊಚ್ ಅನ್ನುವುದು. ಬರುಬರುತ್ತಾ ಕೀಂಯ್, ಗರ್ರ್ ಎಲ್ಲ ನಿಂತುಹೋಗಿ ಅದೊಂದೇ ಉಳಿಯಿತು.

ಒಂದು ದಿನ ನಾನು ಕಾರಿನ ಬಾಗಿಲಲ್ಲಿ ನಿಂತು ಅವರಿಗೆ ಚಮಚದಲ್ಲಿ ಹಾಲು ಕುಡಿಸುತ್ತಿದ್ದೆ. ಅಮ್ಮಾವ್ರು ಕುಡಿಯುತ್ತಾ ಕುಡಿಯುತ್ತಾ ನಿಲ್ಲಿಸಿದರು. ಮುಂದೆ ಬಾನೆಟ್ ಎತ್ತಿತ್ತು, ಅದರಾಚೆ ಅಯ್ಯಾವ್ರ ಬಿಳಿ ಅಂಗಿಯ ತೋಳು ಮಾತ್ರ ಕಾಣುತ್ತಿತ್ತು. ಆ ತೋಳಿನ ಕಡೆ ನೋಡುತ್ತಾ ಲೊಚ್ ಲೊಚ್ ಲೊಚ್ ಅಂದರು. ತಡೆದು ಮತ್ತೆ ಅಂದರು. ಎಂಜಿನ್ ಆಗ ಸ್ಟಾರ್ಟ್ ಕೂಡ ಆಗಿರಲಿಲ್ಲ. ಅದು ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. "ಇನ್ನೂ ಅದೇ ಸದ್ದು ಬತ್ತದಂತೆ ನೋಡ್ರೀ! ಇಬ್ರೂ ಸೇರ್ಕೊಂಡು ಏನ್ ಕಿಸೀತಾ ಇದ್ದೀರಿ ಅಲ್ಲಿ?" ಅಂತ ನಾನೇ ಕೂಗಿದೆ.

ಮರುದೇವಮ್ಮ ನನ್ನ ಮುಖ ನೋಡಿದರು. ಎಡಗೈ ಎತ್ತಿ ಡ್ಯಾಶ್‌ಬೋರ್ಡಿಗೆ ಜೋರಾಗಿ ಹೊಡೆದರು. ಹಾಲಿನ ಲೋಟ ಉರುಳಿತು. ಅಯ್ಯಾವ್ರು ಆ ಸದ್ದಿಗೆ ಬಾನೆಟ್ ಸಂದಿಯಿಂದ ಬಗ್ಗಿ ನೋಡಿ, "ಸಿಟ್ಟು ಬಂದಿದೆ ಅವಳಿಗೆ. ಎಷ್ಟು ದಿನ ಆಯ್ತು, ಸರಿ ಮಾಡಿ ಕೊಡಲಿಲ್ಲ ಅಂತ. ಬೇಗ ನೋಡಪ್ಪ ನಟರಾಜು" ಅಂದರು. ಅಮ್ಮಾವ್ರ ಕಣ್ಣಿನಿಂದ ನೀರು ಇಳಿಯಿತು. ನಾನು ಸೆರಗಿನಿಂದ ಹಾಲನ್ನೂ ಒರೆಸಿದೆ, ಕಣ್ಣನ್ನೂ ಒರೆಸಿದೆ.

ಅವತ್ತಿನ ಮೇಲೆ ಅವರು ಯಾವ ಸದ್ದನ್ನೂ ಮಾಡಲಿಲ್ಲ. ನಮ್ಮನೆಯವರು ಬೆಲ್ಟ್ ಸಡಿಲಿಸಿ ನೋಡಿದರು, ತಗಡು ಬಿಚ್ಚಿ ನೋಡಿದರು. ಕಿಟಕಿಗೆ ಬಗ್ಗಿ, "ಎಂಗೆ ಬತ್ತದೆ ಅಮ್ಮಾವ್ರೆ? ಒಂದೇ ಒಂದಪ ಮಾಡಿ, ನಿಮ್ಮ ಕಾಲಿಗೆ ಬೀಳ್ತೀನಿ" ಅಂದರು. ಅಮ್ಮಾವ್ರು ಕಣ್ಣು ಮುಚ್ಚಿಕೊಂಡರು. ಅಯ್ಯಾವ್ರು ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಸುಮಾರು ಹೊತ್ತು ಹಾಗೇ ಕೂತಿದ್ದರು.

ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಎರಡನೇ ಸಲ ಲಕ್ವ ಹೊಡೆದು ಮರುದೇವಮ್ಮ ಹೋಗಿಬಿಟ್ಟರು. ಈ ಸಲ ಹಾಸನದವರೆಗೂ ಹೋಗಲಿಲ್ಲ. ನಾವು ಗ್ಯಾರೇಜ್ ಮುಚ್ಚಿ, ಅಂಗಡಿ ಮುಚ್ಚಿ ಮಣ್ಣಿಗೆ ಹೋಗಿಬಂದೆವು. ನನ್ನ ಅಕ್ಕ ಹೋದಾಗಲೂ ನಾನು ಅಷ್ಟು ಅತ್ತಿರಲಿಲ್ಲ. ನಮ್ಮನೆಯವರು ಮಾತ್ರ ದಾರಿಯುದ್ದಕ್ಕೂ ಒಂದೇ ಮಾತು. "ಆ ಸದ್ದು ನಂಗೆ ಸಿಗ್ನೇ ಇಲ್ವಲ್ಲಮ್ಮಿ. ಅದನ್ನ ಸರಿ ಮಾಡಿ ಕೊಟ್ಟಿದ್ರೆ ಅಮ್ಮಾವ್ರು ಮುನಿಸ್ಕೋತಿರಲಿಲ್ಲ. ಮುನಿಸ್ಕೊಂಡೇ ಓಗ್ಬುಟ್ರು."

ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಒಂದು ಬೆಳಿಗ್ಗೆ ಬಿಳಿ ಕಾರು ಬಂತು. ಅಯ್ಯಾವ್ರು ಒಬ್ಬರೇ ಇಳಿದರು. ಅಂಗಿ ದೊಗಳೆಯಾಗಿ ಕಾಣುತ್ತಿತ್ತು. ಕಿವಿಯಲ್ಲಿ ಸಣ್ಣದೊಂದು ಮಿಷನ್ ಇತ್ತು.

"ಮಗ ಹಾಕಿಸಿದ. ಫೋನ್ ಮಾಡಿದರೆ ಕೇಳಿಸಲ್ಲ ನಿಮಗೆ ಅಂತ" ಅಂದರು. ಅವತ್ತು ಅವರ ಜೊತೆ ಕೂಗಿ ಮಾತಾಡಬೇಕಿರಲಿಲ್ಲ. ಅದೇ ನನಗೆ ಸಂಕಟವಾಯಿತು. ಬೆಂಚಿನ ಮೇಲೆ ಕೂತು ನಮ್ಮನೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಂಡರು.

"ನಟರಾಜು, ಆ ಸದ್ದು ಸಿಕ್ಕಿತಪ್ಪ."

"ಯಾವ ಸದ್ದು ಸಾ?"

"ನೀನು ಹುಡುಕ್ತಿದ್ದೆಯಲ್ಲ, ಅದೇ. ಮೊನ್ನೆ ಬೆಳಿಗ್ಗೆ ಮನೇಲಿ ಯಾರೂ ಇರಲಿಲ್ಲ. ಸೊಸೆ ಸ್ಕೂಲಿಗೆ ಹೋಗಿದ್ದಳು. ಈ ಮಿಷನ್ ಹಾಕ್ಕೊಂಡು ಪೇಪರ್ ಓದ್ತಾ ಕೂತಿದ್ದೆ. ಗೋಡೆ ಮೇಲೆ ಹಲ್ಲಿ ನುಡೀತು. ಲೊಚ್ ಲೊಚ್ ಲೊಚ್ ಅಂತ. ಎಷ್ಟೋ ವರ್ಷ ಆಗಿತ್ತು ನಾನು ಹಲ್ಲಿ ನುಡಿದದ್ದು ಕೇಳಿ. ನನಗೇ ಗೊತ್ತಿಲ್ಲದ ಹಾಗೆ, ಬಂದೆ ಅಂತ ಎದ್ದು ಒಳಗೆ ಹೋಗಿಬಿಟ್ಟೆ. ಅಡುಗೆಮನೆ ಬಾಗಿಲಲ್ಲಿ ನಿಂತ ಮೇಲೆ, ಕಾರಲ್ಲಿ ಅವಳು ನಾಲಿಗೆ ಮೇಲಕ್ಕೆ ಒತ್ತುತ್ತಿದ್ದದ್ದು ಕಣ್ಮುಂದೆ ಬಂದು ತಿಳೀತು."

ಅವರು ತಮ್ಮ ಕೈ ನೋಡಿಕೊಂಡರು. ನನ್ನ ಒಲೆಯ ಮೇಲೆ ಟೀ ಕುದಿಯುತ್ತಿತ್ತು, ನಾನು ಉರಿ ಸಣ್ಣ ಮಾಡಿದೆ.

"ಮದುವೆಯಾದ ಹೊಸದರಲ್ಲಿ ಬೆಳಗೊಳದ ಮನೇಲಿ ಹದಿನಾರು ಜನ. ನನ್ನ ಕರೀಬೇಕಂದ್ರೆ ಹೆಸರು ಹೇಳೋ ಹಾಗಿಲ್ಲ, ಹಿರಿಯರ ಮುಂದೆ ರೀ ಅನ್ನೋ ಹಾಗೂ ಇಲ್ಲ. ಅದಕ್ಕೆ ಬಾಗಿಲ ಹಿಂದೆ ನಿಂತು ಹಲ್ಲಿ ಹಾಗೆ ನಾಲಿಗೇಲಿ ನುಡೀತಿದ್ದಳು. ನಮ್ಮಮ್ಮ ನಿಜವಾಗ್ಲೂ ಹಲ್ಲಿ ಅಂದುಕೊಂಡು ಸತ್ಯ ಸತ್ಯ ಅಂತ ನೆಲ ಕುಟ್ಟೋರು. ನಾನು ನಗು ತಡಕೊಂಡು ಎದ್ದು ಹೋಗ್ತಿದ್ದೆ. ಬೇರೆ ಮನೆ ಮಾಡ್ಕೊಂಡು ಪಟ್ಣಕ್ಕೆ ಬಂದ ಮೇಲೆ ಅದು ನಿಂತೇ ಹೋಯ್ತು. ಕೇಳೋ ಹಿರಿಯರೇ ಇರಲಿಲ್ಲವಲ್ಲ. ಆಮೇಲೆ ನನ್ನ ಕಿವಿಯೂ ಹೋಯ್ತು. ಮರೆತೇಬಿಟ್ಟಿದ್ದೆ ಕಣಪ್ಪ."

ನನಗೆ ಅಮ್ಮಾವ್ರ ನಾಚಿಕೆಯ ಮುಖ, ನನಗೂ ಒಂದಿತ್ತು ಕಣೇ ಅಂದದ್ದು, ಡ್ಯಾಶ್‌ಬೋರ್ಡಿಗೆ ಹೊಡೆದ ಎಡಗೈ ಎಲ್ಲ ಒಟ್ಟಿಗೇ ನೆನಪಾದವು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುವ ಗಾದೆಯನ್ನು ನಾನು ಎಷ್ಟು ಜನರ ಮೇಲೆ ಎಸೆದು ನಕ್ಕಿದ್ದೇನೋ. ಅದು ನಮ್ಮ ತಲೆಯ ಮೇಲೇ ಬಿದ್ದಿತ್ತು.

"ಒಂದು ಸಲ ಕರೆದರೆ ಸಾಕು ಅಂತಿದ್ದೆ" ಅಂದರು ಅಯ್ಯಾವ್ರು. "ವಾರವಾರ ಕರೆದಿದ್ದಾಳೆ. ಅವಳು ಕರೀತಾ ಇದ್ದರೆ ನಾನು ಬಾನೆಟ್ ಎತ್ತಿ ನೋಡ್ತಿದ್ದೆ."

ಗ್ಯಾರೇಜಿನ ಮುಂದೆ ಹಿರೀಸಾವೆ ಕಡೆಯ ಬಸ್ಸು ಹೋಯಿತು. ನಾನು ಅಳುತ್ತಿದ್ದೆ, ಅದನ್ನು ಮುಚ್ಚಿಡಲೂ ಇಲ್ಲ. ನಮ್ಮನೆಯವರು ಅಯ್ಯಾವ್ರ ಮೊಣಕಾಲಿನ ಮೇಲೆ ಕೈಯಿಟ್ಟು, "ತಪ್ಪು ನಂದು ಸಾ. ಹಾಳಾದ್ದು ಈ ಕಿವಿಗೆ ಕಾರು ಬುಟ್ರೆ ಬ್ಯಾರೆ ಕೇಳಕಿಲ್ಲ" ಅಂದರು.

"ನಿನ್ನದೇನಪ್ಪ ತಪ್ಪು? ನಿನ್ನನ್ನ ಕರೆದಿದ್ದಲ್ಲವಲ್ಲ ಅವಳು" ಅಂದರು ಅಯ್ಯಾವ್ರು. ಮೆತ್ತಗೇ ಅಂದರು.

ಆಮೇಲೆ ಕೀಲಿಕೈ ಕೊಟ್ಟು, ಒಂದು ಸಲ ಸ್ಟಾರ್ಟ್ ಮಾಡಿ ನೋಡು ಅಂದರು. ನಮ್ಮನೆಯವರು ಮಾಡಿದರು. ಕಾರು ಒಂದೇ ಸಲಕ್ಕೆ ಹತ್ತಿಕೊಂಡಿತು. ಎಲ್ಲ ಸಾಮಾನು ಹೊಸದು, ಯಾವ ಸದ್ದೂ ಇರಲಿಲ್ಲ. ಅಯ್ಯಾವ್ರು ತಲೆ ವಾರೆ ಮಾಡಿ ಮಿಷನ್ ಹಾಕಿದ್ದ ಕಿವಿಯನ್ನು ಅತ್ತ ಕೊಟ್ಟು ಕೇಳಿಸಿಕೊಂಡರು.

"ಚೆನ್ನಾಗಿದೆ" ಅಂದರು. "ಆ ಹಲ್ಲಿ ದಿನಾ ನುಡೀತದೆ. ಪ್ರತಿ ಸಲವೂ ಎದ್ದು ಹೋಗ್ತೀನಿ. ಮಗ ಅದನ್ನ ಓಡಿಸ್ತೀನಿ ಅಂದ. ಬೇಡ ಅಂದೆ."

ಹಾಲು ಕೊಟ್ಟೆ, ಬೇಡ ಅನ್ನಲಿಲ್ಲ. ಕುಡಿದು ಕಾರು ಹತ್ತಿದರು. ಪಕ್ಕದ ಸೀಟಿನಲ್ಲಿ ಆ ದಿಂಬು ಇನ್ನೂ ಹಾಗೇ ಇತ್ತು.

ಅವರು ಹೋದ ಮೇಲೆ ನಮ್ಮನೆಯವರು ಗ್ಯಾರೇಜಿನೊಳಗೆ ಹೋಗಿ ಯಾವುದೋ ಕಾರಿನ ಕೆಳಗೆ ಮಲಗಿದರು. ಕೆಲಸ ಮಾಡುತ್ತಿರಲಿಲ್ಲ, ಸ್ಪ್ಯಾನರಿನ ಸದ್ದೇ ಇರಲಿಲ್ಲ. ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು. ನಾನು ಆ ಕಾಲುಗಳನ್ನೇ ನೋಡುತ್ತಾ ನಿಂತಿದ್ದು, ಸೌಟು ತೆಗೆದು ಪಾತ್ರೆಯ ಅಂಚಿಗೆ ಎರಡು ಸಲ ಕುಟ್ಟಿದೆ. ಕಾಲು ಅಲುಗಿದವು. ಅವರು ಎದ್ದು, ಕೈ ಒರೆಸಿಕೊಳ್ಳುತ್ತಾ ಬಂದರು. ಕಣ್ಣು ಕೆಂಪಾಗಿದ್ದವು.

"ಏನಮ್ಮಿ?"

"ಏನಿಲ್ಲ" ಅಂದೆ.

ಅವರು ವಾಪಸ್ಸು ಹೋಗಲಿಲ್ಲ. ಬೆಂಚಿನ ಮೇಲೆ, ಅಯ್ಯಾವ್ರು ಕೂತಿದ್ದ ಜಾಗದಲ್ಲಿ ಕೂತರು. ನಾನು ಇಬ್ಬರಿಗೂ ಟೀ ಸೋಸಿದೆ.